ಕಮಲಾಕ್ಷಮ್ಮನ ಖಾತೆ, ಭಾವನ ಫೋನು

ಬೆಳೆಗಾರರ ಆನ್‌ಲೈನ್ ಖಾತೆಗಳನ್ನು ಹಗಲೂ ರಾತ್ರಿ ಕಾಯುತ್ತಿರುವ ಮಾನ್ಯರೇ,

ನೀವು ಯಾರನ್ನು ಕಾಯುತ್ತಿದ್ದೀರಿ, ಯಾರಿಂದ ಕಾಯುತ್ತಿದ್ದೀರಿ? ನನ್ನ ಗೆಳತಿ ಕಮಲಾಕ್ಷಮ್ಮನ ಹೆಸರಿನಲ್ಲಿರುವ ಖಾತೆಯೊಳಗೆ ಕಮಲಾಕ್ಷಮ್ಮನೇ ಹೋಗದಂತೆ ನೀವು ಬಾಗಿಲು ಹಾಕಿದ್ದೀರಿ. ಅದು ತೆರೆಯಬೇಕಾದರೆ ಅವಳ ಗಂಡನ ಅಣ್ಣ ದೇವೀರಪ್ಪನವರ ಅಪ್ಪಣೆ ಬೇಕು. ತೋಟ ಅವಳದ್ದು. ಪಹಣಿ ಅವಳ ಹೆಸರಿನಲ್ಲಿದೆ. ಆಧಾರ್ ಕಾರ್ಡಿನಲ್ಲೂ ಬ್ಯಾಂಕಿನ ಪಾಸ್‌ಬುಕ್ಕಿನಲ್ಲೂ ಇರುವುದು ಅವಳದೇ ಮುಖ. ಖಾತೆ ಮಾತ್ರ ಭಾವನ ಫೋನು ಹೇಳಿದಂತೆ ಕೇಳುತ್ತದೆ. ಇದನ್ನು ನೀವು ಸುರಕ್ಷತೆ ಎಂದು ಕರೆಯುತ್ತೀರಿ. ಈ ತಿಂಗಳ ಕೊನೆಯೊಳಗೆ ಅವಳು ಒಳಗೆ ಹೋಗಿ ನೋಂದಣಿ ಮಾಡದಿದ್ದರೆ ಅವಳ ಕೊಬ್ಬರಿಯನ್ನು ನಿಮ್ಮ ಖರೀದಿ ಕೇಂದ್ರ ಮುಟ್ಟುವುದಿಲ್ಲ. ಅವಳು ಬದುಕಿನಲ್ಲಿ ಮೊದಲ ಸಲ ತನ್ನ ಹೆಸರಿನಲ್ಲಿ ಮಾರಲು ಹೊರಟ ಕೊಬ್ಬರಿ ಅದು.

ನಾನು ಯಾರೆಂದು ಹೇಳಿಬಿಡುತ್ತೇನೆ. ಹುಟ್ಟಿದ್ದು ಹಳೇಬೀಡಿನ ಬಸದಿಗಳ ಪಕ್ಕದ ಜೈನರ ಮನೆಯಲ್ಲಿ, ಮದುವೆಯಾಗಿ ಬಂದದ್ದು ಅರಸೀಕೆರೆಗೆ. ಇಲ್ಲಿ ಬಹಳ ವರ್ಷ ಟೈಪಿಂಗ್ ಶಾಲೆ ನಡೆಸಿದೆ, ಈಗ ಅದೇ ಕೋಣೆಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡಿದ್ದೇನೆ. ಕೀಬೋರ್ಡ್ ಕಂಡರೆ ಕೈ ನಡುಗುವವಳಲ್ಲ. ಕಮಲಾಕ್ಷಮ್ಮ ಮಾಲೇಕಲ್ಲಿನ ಕಡೆಯವಳು. ಸಂತೆಗೆ ಬಂದಾಗಲೆಲ್ಲ ನನ್ನ ಕೋಣೆಯಲ್ಲಿ ಕೂತು ನೀರು ಕುಡಿದು ಹೋಗುತ್ತಿದ್ದವಳು ಗೆಳತಿಯಾದಳು.

ನಮ್ಮ ಕಡೆ ಉಂಡೆ ಕೊಬ್ಬರಿ ಹೇಗಾಗುತ್ತದೆಂದು ತಮಗೆ ತಿಳಿದೇ ಇರಬೇಕು, ಕೊಳ್ಳುವವರು ತಾವೇ ಅಲ್ಲವೇ? ಆದರೂ ಹೇಳುತ್ತೇನೆ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕುತ್ತಾರೆ. ಹೆಚ್ಚುಕಡಿಮೆ ಒಂದು ವರ್ಷ ಅದು ಅಲ್ಲೇ ಇರುತ್ತದೆ. ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು, ಅಲ್ಲಾಡಿಸಿದರೆ ಉರುಳುವ ಸದ್ದು ಬರಬೇಕು. ಅಲ್ಲಿಯತನಕ ಯಾರೂ ಅದರ ತಂಟೆಗೆ ಹೋಗುವುದಿಲ್ಲ. ಮಾರುವುದು ವರ್ಷಕ್ಕೊಮ್ಮೆ, ಆದ್ದರಿಂದ ನಿಮ್ಮ ಖಾತೆಯ ಮುಖ ನೋಡುವುದೂ ವರ್ಷಕ್ಕೊಮ್ಮೆ. ನೀವೋ, ಪಾಸ್‌ವರ್ಡ್ ಮೂರೇ ತಿಂಗಳಿಗೆ ಹಳಸುತ್ತದೆ ಎಂದು ನಿಯಮ ಮಾಡಿದ್ದೀರಿ. ಆರು ತಿಂಗಳು ಯಾರೂ ಬರದಿದ್ದರೆ ಖಾತೆ ‘ನಿಷ್ಕ್ರಿಯ’ವಂತೆ. ಕೊಬ್ಬರಿ ಬೆಳೆಗಾರರಿಗೆಂದೇ ಮಾಡಿದ ಖಾತೆ ಕೊಬ್ಬರಿ ಆಗುವ ಮೊದಲೇ ಕಣ್ಣು ಮುಚ್ಚುತ್ತದೆ! ಈ ನಿಯಮ ಬರೆದ ಮಹಾನುಭಾವರು ಕೊಬ್ಬರಿಯನ್ನು ಮಿಠಾಯಿ ಅಂಗಡಿಯಲ್ಲಿ ಬಿಟ್ಟು ಇನ್ನೆಲ್ಲಾದರೂ ಕಂಡಿದ್ದಾರೆಯೇ?

ಫೋನ್ ನಂಬರಿನ ಕಥೆ ಕೇಳಿ. ಖಾತೆಗಳನ್ನು ತೆರೆದಾಗ ಅವರದು ಕೂಡುಕುಟುಂಬ. ಮನೆಯ ಯಜಮಾನರೆಂದು ದೇವೀರಪ್ಪನವರೇ ಎಲ್ಲರ ಕಾಗದಪತ್ರ ಹಿಡಿದು ಸಾಲಿನಲ್ಲಿ ನಿಂತರು, ಎಲ್ಲರ ಖಾತೆಗೂ ತಮ್ಮ ನಂಬರನ್ನೇ ಕೊಟ್ಟರು. ಅದರಲ್ಲಿ ಮೋಸವೇನೂ ಇರಲಿಲ್ಲ. ನಮ್ಮ ಕಡೆ ಗ್ಯಾಸಿಗೂ ಕರೆಂಟಿಗೂ ಮಕ್ಕಳ ಶಾಲೆಗೂ ಯಜಮಾನನ ನಂಬರೇ ಮನೆಯ ನಂಬರು. ನಿಮ್ಮವರೂ ಮರುಮಾತಾಡದೆ ಬರೆದುಕೊಂಡರು. ಆಮೇಲೆ ಕಮಲಾಕ್ಷಮ್ಮನ ಗಂಡ ತೀರಿಕೊಂಡರು, ಕಳೆದ ವರ್ಷ ಮನೆ ಪಾಲಾಯಿತು. ತೋಟ, ಪಾತ್ರೆ, ಅಟ್ಟ ಎಲ್ಲ ಹಂಚಿದ ಹಿರಿಯರು ಅವಳ ಖಾತೆಯ ಪಾಸ್‌ವರ್ಡನ್ನೂ ಎಲ್ಲರೆದುರು ಅವಳ ಕೈಗೊಪ್ಪಿಸಿದರು. ಖಾತೆಯ ಹಿಂದಿರುವ ನಂಬರನ್ನೂ ಪಾಲು ಮಾಡಬೇಕೆಂದು ಅಲ್ಲಿ ಯಾರಿಗೆ ಹೊಳೆಯಬೇಕು?

ಅವಳು ಮಾರನೆಯ ದಿನವೇ ನನ್ನಲ್ಲಿಗೆ ಬಂದು ಪಾಸ್‌ವರ್ಡ್ ಬದಲಾಯಿಸಿಕೊಂಡಳು. ನಾನು ಪಕ್ಕದಲ್ಲಿ ನಿಂತಿದ್ದೆ.

“ನೀನು ಆ ಕಡೆ ತಿರುಗೇ,” ಎಂದಳು.

“ನನ್ನ ಹತ್ರಾನೂ ಗುಟ್ಟೇನೇ?”

“ಯಾರಿಗೂ ಹೇಳ್ಬೇಡಿ ಅಂತ ಅದ್ರಲ್ಲೇ ಬರ್ದೈತೆ. ಯಾರಿಗೂ ಅಂದ್ರೆ ನೀನೂ ಬಂದೆ ಕಣೇ.”

ನಾನು ಗೋಡೆ ನೋಡುತ್ತಾ ನಿಂತೆ. ನಿಮ್ಮ ಎಚ್ಚರಿಕೆಯ ಮಾತನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದ ಇನ್ನೊಬ್ಬರನ್ನು ನಾನು ಕಂಡಿಲ್ಲ. ಅದಕ್ಕೆ ನೀವು ಕೊಟ್ಟ ಬಹುಮಾನ ನೋಡಿ.

ಈ ಸಲ ಖಾತೆ ತೆರೆಯಲು ಹೋದರೆ ಅದು ನಿಷ್ಕ್ರಿಯ. ಸಹಾಯ ಕೇಂದ್ರಕ್ಕೆ ಹೋದೆವು. ಸರ್ವರ್ ಇಲ್ಲ, ಸಂಜೆ ಮೇಲೆ ಬನ್ನಿ ಎಂದರು. ಹೊತ್ತು ಮುಳುಗಿದ ಮೇಲೆ ನಾನು ಊಟ ಮಾಡುವವಳಲ್ಲ, ನಿಮ್ಮ ಸರ್ವರಿನ ದಯೆಯಿಂದ ಅಂದು ನನಗೆ ಉಪವಾಸವ್ರತವೂ ಆಯಿತು. ಕೌಂಟರಿನ ಮೇಲೆ ದೊಡ್ಡ ಫಲಕ: ‘ನಿಮ್ಮ ಪಾಸ್‌ವರ್ಡನ್ನು ಯಾರೊಂದಿಗೂ ಹಂಚಿಕೊಳ್ಳಬೇಡಿ’. ಅದರ ಕೆಳಗೇ ಕೂತಿದ್ದ ನಿಮ್ಮ ಸಿಬ್ಬಂದಿ ತಲೆ ಎತ್ತದೆ ಕೇಳಿದರು, “ಹಳೇ ಪಾಸ್‌ವರ್ಡ್ ಹೇಳಿ ಅಮ್ಮ.”

“ಹೇಳ್ಬಾರ್ದು ಅಂತ ನೀವೇ ಬರ್ಸಿದ್ದೀರಲ್ಲಪ್ಪ. ಆ ಕೀಬೋರ್ಡ್ ಈ ಕಡೆ ತಿರುಗ್ಸು, ನಾನೇ ಒತ್ತೀನಿ,” ಎಂದಳು ಕಮಲಾಕ್ಷಮ್ಮ.

“ಎಲ್ರೂ ಹೇಳ್ತಾರೆ, ನಿಮ್ದೇನು ವಿಶೇಷ?”

ಎಲ್ಲರೂ ಹೇಳುತ್ತಿದ್ದುದು ನಿಜ. ನಮ್ಮ ಮುಂದಿದ್ದ ಮರುಳಪ್ಪನವರು ತಮ್ಮ ಪಾಸ್‌ವರ್ಡನ್ನು ಹರಾಜು ಕೂಗುವಂತೆ ಕೂಗಿದ್ದರು. ಮೊಮ್ಮಗಳ ಹೆಸರು, ಮುಂದೆ ಒಂದು ಎರಡು ಮೂರು. ಸಾಲಿನಲ್ಲಿದ್ದವರಿಗೆಲ್ಲ ಅದು ಬಾಯಿಪಾಠವಾಯಿತು. ಅವರ ಕೆಲಸ ಚಿಟಿಕೆಯಲ್ಲಿ ಮುಗಿಯಿತು. ಕಮಲಾಕ್ಷಮ್ಮ ಒಂದೊಂದೇ ಅಕ್ಷರ ಹುಡುಕಿ ಒಂದೇ ಬೆರಳಿನಲ್ಲಿ ಒತ್ತಿದಳು. ಮುಗಿಯುವಷ್ಟರಲ್ಲಿ ‘ಅವಧಿ ಮುಗಿದಿದೆ’ ಎಂದು ಬಂತು. ಮತ್ತೆ ಒತ್ತಿದಳು, ಮತ್ತೆ ಅವಧಿ ಮುಗಿಯಿತು. ಆಮೇಲೆ ಪರದೆಯ ಮೇಲೆ ಕೆಂಪಕ್ಷರ: ಅನುಮಾನಾಸ್ಪದ ಪ್ರಯತ್ನ, ಖಾತೆಗೆ ಬೀಗ. ಗುಟ್ಟು ಬಿಟ್ಟುಕೊಟ್ಟವರು ಸಾಚಾ, ಕಾಪಾಡಿಕೊಂಡವಳು ಕಳ್ಳಿ!

ಬೀಗ ತೆಗೆಯಲು ಓಟಿಪಿ ಬೇಕು. ಅದು ಹೋದದ್ದು ದೇವೀರಪ್ಪನವರ ಫೋನಿಗೆ. ಸಿಬ್ಬಂದಿ ಅವರಿಗೆ ಕರೆ ಮಾಡಿ ಸ್ಪೀಕರಿಗೆ ಹಾಕಿದರು. ಮಾನ್ಯರೇ, ಆಗ ಕಮಲಾಕ್ಷಮ್ಮ ಏನು ಮಾಡಿದಳು ಗೊತ್ತೇ? ಸೆರಗು ಸರಿಮಾಡಿಕೊಂಡು ಕಂಬದ ಹಿಂದೆ ಹೋಗಿ ನಿಂತಳು. ಆ ಮನೆಯ ಸೊಸೆಯಾಗಿ ಬಂದಂದಿನಿಂದ ಅವಳು ಭಾವನ ಎದುರು ನಿಂತು ಮಾತಾಡಿದವಳಲ್ಲ. ಪಾಲಾಗುವಾಗಲೂ ಹಿರಿಯರ ಮೂಲಕವೇ ಮಾತು. ಬಂದದ್ದು ಬರೀ ದನಿಯಾದರೂ ಅವಳ ಕಾಲು ತಾನಾಗಿ ಹಿಂದೆ ಸರಿಯಿತು.

“ನಂಬರ್ ಬಂದೈತೆ ಕಣಪ್ಪ,” ಎಂದರು ದೇವೀರಪ್ಪನವರು. “ಹೇಳಾಕೇನು, ಹೇಳ್ತೀನಿ. ಕೊಬ್ಬರಿ ಯಾವತ್ತಿನಂಗೆ ನನ್ನ ಹೆಸ್ರಲ್ಲೇ ಹೋಗ್ಲಿ ಅಂತ ಅವ್ಳು ಒಂದು ಮಾತು ಒಪ್ಕೊಳ್ಲಿ.”

ನಿಮ್ಮ ಸಿಬ್ಬಂದಿ ಕಂಬದ ಕಡೆ ತಿರುಗಿ, “ಮನೆಯವರೇ ಅಲ್ವಾ ಅಮ್ಮ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ,” ಎಂದರು.

ನನ್ನ ಮೈಯೆಲ್ಲ ಉರಿದುಹೋಯಿತು. ನಾನು ಬಾಯಿ ಮಾಡುವ ಮೊದಲೇ ಅವಳು ಕಂಬದ ಮರೆಯಿಂದ ಈಚೆ ಬಂದಳು. ಕೌಂಟರಿಗೆ ಎರಡೂ ಕೈ ಊರಿ ಫೋನಿನ ಹತ್ತಿರ ಬಗ್ಗಿದಳು.

“ಬಾವ, ನನ್ ಕೊಬ್ಬರಿ ನಾನೇ ಮಾರ್ತೀನಿ.”

ದೇವೀರಪ್ಪನವರು ಓಟಿಪಿ ಹೇಳದೆ ಫೋನ್ ಇಟ್ಟರು. ಅವಳ ಬಗ್ಗೆ ನನಗೆ ಅಂದು ಎಷ್ಟು ಹೆಮ್ಮೆಯಾಯಿತೋ, ನಿಮ್ಮ ಬಗ್ಗೆ ಅಷ್ಟೇ ಅಸಹ್ಯವಾಯಿತು.

ಸರಿ, ನಂಬರನ್ನಾದರೂ ಬದಲಾಯಿಸಿಕೊಡಿ ಎಂದೆ. ಅದಕ್ಕೂ ಹಳೆಯ ನಂಬರಿಗೆ ಬರುವ ಓಟಿಪಿ ಬೇಕಂತೆ. ಆಧಾರ್ ತೋರಿಸಿದೆವು, ಪಹಣಿ ತೋರಿಸಿದೆವು. “ಇದಕ್ಕೆಲ್ಲ ಸಿಸ್ಟಮ್‌ನಲ್ಲಿ ಆಪ್ಷನ್ ಇಲ್ಲ,” ಎಂದರು. ಜೀವಂತ ಹೆಂಗಸು ಕೌಂಟರಿನ ಮುಂದೆ ಉಸಿರಾಡುತ್ತಾ ನಿಂತಿದ್ದರೆ ಅವಳನ್ನು ಅವಳೆಂದು ಒಪ್ಪಿಕೊಳ್ಳುವ ಆಪ್ಷನ್ ನಿಮ್ಮಲ್ಲಿಲ್ಲ! ದೂರು ಕೊಡೋಣವೆಂದು ನಿಮ್ಮ ಕಚೇರಿಗೆ ಇಮೇಲ್ ಕಳಿಸಿದೆ. ಕ್ಷಣದಲ್ಲೇ ಉತ್ತರ ಬಂತು: ದೂರು ಸಲ್ಲಿಸಲು ದಯವಿಟ್ಟು ಖಾತೆಗೆ ಲಾಗಿನ್ ಆಗಿ. ಇದನ್ನು ಓದಿ ನಗಬೇಕೋ ಕಂಪ್ಯೂಟರ್ ಎತ್ತಿ ಒಗೆಯಬೇಕೋ ತಿಳಿಯಲಿಲ್ಲ.

ಕಳ್ಳರಿದ್ದಾರೆ, ಎಚ್ಚರಿಕೆ ಬೇಕು ಎನ್ನುತ್ತೀರಿ. ಬೇಡವೆಂದವರು ಯಾರು? ನಾನೇ ದಿನಕ್ಕೆ ನಾಲ್ಕು ಜನಕ್ಕೆ ಅದನ್ನೇ ಹೇಳುತ್ತೇನೆ. ಆದರೆ ಅಂದು ಆ ಕೌಂಟರಿನಲ್ಲಿ ನಿಮ್ಮ ವ್ಯವಸ್ಥೆ ಯಾವ ಕಳ್ಳನನ್ನು ತಡೆಯಿತು? ತನ್ನದಲ್ಲದ ಖಾತೆಯನ್ನು ಮುಷ್ಟಿಯಲ್ಲಿಟ್ಟುಕೊಂಡು ಷರತ್ತು ಹಾಕಿದವರಿಗೆ ನೀವೇ ಫೋನ್ ಮಾಡಿ ಕೇಳಿಕೊಂಡಿರಿ. ಅವಳು ಹೂಂ ಎಂದಿದ್ದರೆ ಎಲ್ಲವೂ ಕ್ರಮಬದ್ಧ, ಎಲ್ಲವೂ ಸುರಕ್ಷಿತ, ಅಲ್ಲವೇ?

ನಾನು ಕೇಳುತ್ತಿರುವುದು ದಯೆಯನ್ನಲ್ಲ. ಖಾತೆದಾರರು ಖುದ್ದಾಗಿ ಬಂದು ಮುಖ ತೋರಿಸಿ, ದಾಖಲೆ ತೋರಿಸಿದರೆ ಅಲ್ಲೇ, ಅಂದೇ ನಂಬರ್ ಬದಲಾಯಿಸಿ. ಹಳೆಯ ನಂಬರಿನವರನ್ನು ಕೇಳಬೇಡಿ. ವರ್ಷಕ್ಕೊಂದು ಸಲ ಬರುವವರ ಖಾತೆಯನ್ನು ವರ್ಷವಾದರೂ ಬದುಕಲು ಬಿಡಿ. ಪಾಸ್‌ವರ್ಡನ್ನು ತಮ್ಮ ಬೆರಳಿನಿಂದಲೇ ಒತ್ತುವವರಿಗೆ ಒತ್ತಿ ಮುಗಿಸುವಷ್ಟು ಹೊತ್ತು ಕೊಡಿ, ಬಾಯಿಬಿಟ್ಟು ಹೇಳಿ ಎನ್ನುವ ಸಿಬ್ಬಂದಿಗೆ ಬುದ್ಧಿ ಹೇಳಿ. ಎಲ್ಲಕ್ಕಿಂತ ಮೊದಲು, ಈ ತಿಂಗಳು ಮುಗಿಯುವ ಮುನ್ನ, ಕಮಲಾಕ್ಷಮ್ಮನ ಖಾತೆಯನ್ನು ಕಮಲಾಕ್ಷಮ್ಮನಿಗೆ ಕೊಡಿ.

ಇದಿಷ್ಟು ಬರೆದಮೇಲೆ ಅವಳಿಗೆ ಫೋನ್ ಮಾಡಿದೆ. ಗುರುವಾರಕ್ಕೆ ಕಾಯಿ ಸುಲಿಯುವವರಿಗೆ ಬರಹೇಳಿದ್ದಾಳಂತೆ. ಕರಟದೊಳಗಿದ್ದರೆ ಕೊಬ್ಬರಿ ಇನ್ನಷ್ಟು ದಿನ ಕಾದೀತು, ಒಡೆದು ತೆಗೆದ ಮೇಲೆ ಬೂಷ್ಟು ಹಿಡಿಯುತ್ತದೆ, ಬಣ್ಣ ಕೆಡುತ್ತದೆ.

“ನೋಂದಣಿ ಆಗ್ಲಿ, ಆಮೇಲೆ ಸುಲಿಸೇ,” ಎಂದೆ.

“ಬಾವನ ಎದುರಿಗೆ ಬಾಯಿ ಬಿಟ್ಟಾಯ್ತು ಕಣೇ ತ್ರಿಶಲಾ. ಇನ್ನೂ ಅಟ್ಟದ ಮೇಲೇ ಇಟ್ಕೊಂಡ್ ಕೂತ್ರೆ, ಅವ್ರು ನಾನು ಸೋತೆ ಅನ್ಕೊಂತಾರೆ. ನಾನು ಗಾಡಿ ಮೇಲೆ ಹಾಕ್ಕೊಂಡು ಬತ್ತೀನಿ.”

ಅವಳು ಬರುತ್ತಾಳೆ, ಮಾನ್ಯರೇ, ನನಗೆ ಅವಳು ಗೊತ್ತು. ನಿಮ್ಮ ಖರೀದಿ ಕೇಂದ್ರದ ಬಾಗಿಲಿಗೆ ಗಾಡಿ ಬಂದು ನಿಂತಾಗ ಚೀಲಗಳ ಮೇಲೆ ಕೂತಿರುವ ಹೆಂಗಸನ್ನು ಒಮ್ಮೆ ಕಣ್ಣೆತ್ತಿ ನೋಡಿ. ಅವಳು ಯಾರೆಂದು ಅವಳನ್ನೇ ಕೇಳಿ, ಅವಳ ಭಾವನಿಗೆ ಫೋನ್ ಮಾಡಬೇಡಿ.

ಇಂತಿ,
ನಿಮ್ಮ ಸಹಾಯ ಕೇಂದ್ರದವರು ‘ಜೊತೆಗೆ ಬಂದು ಗಲಾಟೆ ಮಾಡಿದವರು’ ಎಂದು ಬರೆದುಕೊಂಡಿರುವ,
ಆದರೆ ಗಲಾಟೆ ಇನ್ನೂ ಸಾಲದಾಯಿತೆಂದು ಕೊರಗುತ್ತಿರುವ
ತ್ರಿಶಲಾ
ಅರಸೀಕೆರೆ