ಪುರವಣಿಯಲ್ಲಿ ನಿನ್ನಪ್ಪ ಆಡಿದ ಮಾತು

ಕಾರವಾರ
ಫೆಬ್ರವರಿ ೧೮, ಮಂಗಳವಾರ

ಮುದ್ದಿನ ರೂಪಾಲಿಗೆ,

ನಾನಿಲ್ಲಿ ಕ್ಷೇಮ ಎಂದು ಬರೆಯಲು ಹೊರಟು ಎರಡು ಹಾಳೆ ಹರಿದೆ. ಕ್ಷೇಮವಿಲ್ಲ. ಭಾನುವಾರದಿಂದ ಒಂದು ಕಡೆ ಕೂತಿಲ್ಲ. ಫೋನಿನಲ್ಲಿ ಕೇಳಿದರೆ ನೀನು ನಕ್ಕು ಹಾರಿಸುತ್ತೀ, ಅದಕ್ಕೇ ಈ ಕಾಗದ.

ನಿನ್ನ ಪತ್ರಿಕೆಯ ಪುರವಣಿಯಲ್ಲಿ ‘ಹಳೆ ಜೋಡಿ’ ಎಂಬ ಮಾಲಿಕೆ ಶುರುಮಾಡಿ ಮೊದಲ ಕಂತಿಗೇ ಹೆತ್ತವರನ್ನು ಕೂರಿಸಿದ್ದೀಯಲ್ಲ, ನನ್ನನ್ನು ಒಂದು ಮಾತು ಕೇಳಬಾರದಿತ್ತೇ? ನಾನು ಅಗಸೂರಿಗೆ ಮದುವೆಗೆ ಹೋದಾಗ ಮನೆಗೆ ಬಂದು ನಿನ್ನಪ್ಪನನ್ನು ಮಾತಾಡಿಸಿದೆಯಂತೆ. ಆಚೆಮನೆಯ ನಾಗು ಪೇಪರು ಹಿಡಿದು ಬಂದು, ಇನ್ನು ನಿಮ್ಮನ್ನು ನೋಡಲು ಟಿಕೆಟ್ ತೆಗೆಯಬೇಕೇನೋ ಎಂದು ಛೇಡಿಸಿ ಹೋದಳು. ಒಳಕೋಣೆಯಲ್ಲಿ ನಾನು ಚೀಲ ತುಂಬಿಸಿಟ್ಟದ್ದು ಅವಳಿಗೇನು ಗೊತ್ತು.

ಹೌದು ಮಗಾ. ಅಂಕೋಲೆಯ ಹುಡುಗಿಯರ ಹಾಸ್ಟೆಲ್ಲಿನಲ್ಲಿ ವಾರ್ಡನ್ ಕೆಲಸಕ್ಕೆ ಒಪ್ಪಿಕೊಂಡಿದ್ದೇನೆ. ಅಲ್ಲೇ ಊಟ, ಅಲ್ಲೇ ವಾಸ. ಮುಂದಿನ ತಿಂಗಳು ಹೋಗಬೇಕು. ನಿನ್ನಪ್ಪನಿಗೆ ಹೇಳಿಲ್ಲ. ಹೇಳಿದರೂ ಹೂಂ ಎನ್ನುತ್ತಾರೆ, ಅಷ್ಟೇ. ಬೈದರೆ, ಹೊಡೆದರೆ ನಾಲ್ಕು ಜನರಿಗೆ ಹೇಳಬಹುದು. ಮಾತೇ ಆಡದವರ ಬಗ್ಗೆ ಯಾರಲ್ಲಿ ದೂರುವುದು? ಕೈಗಾ ಸ್ಥಾವರದ ಕೆಲಸ ಮುಗಿಸಿ ಬಸ್ಸಿಳಿದು ಬಂದರೆ ಅನ್ನ, ಮೊಬೈಲು, ನಿದ್ದೆ. ನೀನು ಹುಬ್ಬಳ್ಳಿ ಸೇರಿದ ಮೇಲೆ ಈ ಮನೆಯಲ್ಲಿ ಮಾತಾಡುವವಳು ನಾನೊಬ್ಬಳೇ, ಅದೂ ಬೆಕ್ಕಿನ ಹತ್ತಿರ. ಸಾಕಾಗಿದೆ ನನಗೆ.

ಅಂಥ ಮನುಷ್ಯ ನಿನ್ನ ಲೇಖನದಲ್ಲಿ ಹೇಳುತ್ತಾರೆ: “ಅವ್ಳು ಪಾತ್ರೆ ಸದ್ದು ಮಾಡೂದು ಗೇಟಿನ ಹತ್ರನೇ ಕೇಳ್ತದೆ. ಅದು ಕೇಳ್ದ ಮೇಲೇ ನಂಗೆ ಡ್ಯೂಟಿ ಮುಗೀತು ಅನ್ಸೂದು.”

ಮೂರು ಸಲ ಓದಿದೆ. ಇದನ್ನು ಅವರು ಆಡಿದರೋ, ನೀನು ಕಟ್ಟಿದೆಯೋ?

ನಿನ್ನ ಬರಹಗಳ ಬಗೆಯೆಲ್ಲ ನನಗೆ ಗೊತ್ತು. ಮಳೆಗಾಲಕ್ಕೆ ಏಡಿಯ ನುಡಿಚಿತ್ರ, ಬೇಸಿಗೆಗೆ ಮಾವಿನದು. ಅಡುಗೆ ಅಂಕಣದಲ್ಲಿ ನೀನು ಸುಳ್ಳು ಬರೆಯುವುದಿಲ್ಲ. ಬಂಗಡೆ ಮೀನಿನ ಸಾರಿಗೆ ತೆಪ್ಪಲದ ಕಾಳು ಹಾಕುವುದನ್ನು ಬಿಟ್ಟದ್ದು ಮರೆವು. ಪ್ರವಾಸದ ಬರಹ ಹಾಗಲ್ಲ. ಆ ಜಲಪಾತಕ್ಕೆ ನಾನೂ ಜೊತೆಗೆ ಬಂದಿದ್ದೆ, ಒಂದು ಕಾಗೆಯೂ ಇರಲಿಲ್ಲ; ಪೇಪರಿನಲ್ಲಿ ನವಿಲು ಕುಣಿಯಿತು. ಕೇಳಿದರೆ, ಓದುವವರಿಗೆ ಸ್ವಲ್ಪ ಬಣ್ಣ ಬೇಕು ಆಯಿ ಎಂದೆ. ಈ ‘ಹಳೆ ಜೋಡಿ’ ಯಾವ ಲೆಕ್ಕದ್ದು? ಬಂಗಡೆಯದೋ, ನವಿಲಿನದೋ?

ನಿನ್ನೆ ಸಂಜೆ ಪರೀಕ್ಷೆ ಮಾಡಿದೆ. ಬಸ್ಸು ಬರುವ ಹೊತ್ತಿಗೆ ಒಂದು ಪಾತ್ರೆಯನ್ನೂ ಮುಟ್ಟದೆ ಕಿಟಕಿಯ ಸಂದಿಯಿಂದ ನೋಡುತ್ತ ನಿಂತೆ. ನಿನ್ನಪ್ಪ ಗೇಟು ತೆರೆದು ಅಲ್ಲೇ ನಿಂತರು. ಚಪ್ಪಲಿ ಸರಿಮಾಡಿಕೊಂಡರು, ಮೊಬೈಲು ನೋಡಿದರು. ಕಿವಿಗೊಟ್ಟು ನಿಂತರೋ, ಸುಮ್ಮನೆ ನಿಂತರೋ, ತಿಳಿಯಲಿಲ್ಲ. ಒಳಗೆ ಬಂದು ಎಂದಿನಂತೆ ಉಂಡರು. ನಾನೇ ಬಾಯಿಬಿಟ್ಟು ಕೇಳೋಣವೆಂದರೆ ಹೆದರಿಕೆ. ನಾನು ಹಾಗೆ ಹೇಳಲೇ ಇಲ್ಲ ಎಂದುಬಿಟ್ಟರೆ?

ಇದ್ದದ್ದನ್ನು ಇದ್ದ ಹಾಗೆ ಬರೆ. ಅವರೇ ಆಡಿದ್ದಾದರೆ ಹಾಸ್ಟೆಲ್ಲಿನವರಿಗೆ ಬರುವುದಿಲ್ಲ ಎನ್ನುತ್ತೇನೆ. ನೀನು ಹಚ್ಚಿದ ಬಣ್ಣವಾದರೆ ಹೊರಡುತ್ತೇನೆ, ನಿನ್ನ ಮೇಲೆ ಸಿಟ್ಟಿಲ್ಲ. ತಿಂಗಳು ಮುಗಿಯುವುದರೊಳಗೆ ಉತ್ತರ ಬರಲಿ. ನನ್ನಿಂದ ತಡೆಯಲು ಆಗುತ್ತಿಲ್ಲ.

ನಿನ್ನ ಆಯಿ,
ಮಂದಾಕಿನಿ

ತಾ.ಕ.: ನೀನೇ ಕಟ್ಟಿದ್ದಾದರೆ ಉತ್ತರ ಬರೆಯಬೇಡ. ಕಾಗದ ಅಂಚೆಯಲ್ಲಿ ಕಳೆದುಹೋಯಿತು ಎಂದುಕೊಂಡು ಇಲ್ಲೇ ಇದ್ದುಬಿಡುತ್ತೇನೆ.