ಹುಂಜದೊಳಗಿನ ಹಸಿರು

ಅಪ್ಪ,

ನೀವು ಕಣ್ಮುಚ್ಚಿದ ಮೇಲೆ ಹುಟ್ಟಿದ ಹೇಂಟೆ ಇಂದು ಬೆಳಿಗ್ಗೆ ಮೊದಲ ಮೊಟ್ಟೆ ಇಟ್ಟಿತು. ನೀವು ವರ್ಷಗಟ್ಟಲೆ ಕೋಳಿಗಳನ್ನು ಜೋಡಿ ಮಾಡಿ ಕಾದಿದ್ದ ಅದೇ ಪಾಚಿ ಹಸಿರು ಚಿಪ್ಪು, ಒಂದು ಚುಕ್ಕೆಯೂ ಇಲ್ಲ. ಅದರ ತಂದೆಯನ್ನು, ಆ ಕುಂಟ ಹುಂಜವನ್ನು, ಕೊಯ್ಯೋಣವೆಂದು ನಾವೆಲ್ಲ ಹೇಳಿದಾಗ, "ಹುಂಜ ಮೊಟ್ಟೆ ಇಡಲ್ಲ ಕಣಮ್ಮ, ಅದ್ರೊಳಗಿರೋ ಬಣ್ಣ ಮಗಳು ಇಟ್ಟಾಗ್ಲೇ ಗೊತ್ತಾಗೋದು" ಎಂದಿದ್ದಿರಿ. ಕಾಣದ ಬಣ್ಣವನ್ನು ಅಷ್ಟು ಸರಿಯಾಗಿ ನೋಡಿದ್ದಿರಿ. ಅಮ್ಮ ಮೊಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ನಿಮ್ಮಪ್ಪ ನನ್ನನ್ನೂ ಇಷ್ಟು ನೋಡಿ ಆರಿಸ್ಲಿಲ್ಲ" ಎಂದು ನಕ್ಕಳು.

ನಿಮ್ಮನ್ನು ಗೇಲಿ ಮಾಡುತ್ತಿದ್ದ ಪಕ್ಕದ ಮನೆಯ ದರ್ಜಿ ಬಂದು ನೋಡಿ, "ಈ ತಳಿದು ಒಂದ್ಜೊತೆ ಮರಿ ನಮಗೂ ಕೊಡ್ತೀರಾ?" ಎಂದು ಕೇಳಿದರು.

"ಅಪ್ಪನ್ನ ಕೇಳಿ ಹೇಳ್ತೀನಿ" ಎಂದುಬಿಟ್ಟೆ.

ಅವರು ತಲೆಯಾಡಿಸಿ, ಮೆಲ್ಲಗೆ ಗೇಟು ಹಾಕಿಕೊಂಡು ಹೋದರು.