ಗುರವ್ವನ ಕಾಲು

8 ಜನವರಿ 2024, ಸೋಮವಾರ

ಬೆಳಿಗ್ಗೆ ಕೂಸುಗಳಿಗೆ ಲಸಿಕೆ. ಆಸ್ಪತ್ರೆ ತುಂಬ ಅಳು. ಮಧ್ಯಾಹ್ನ ಡಾಕ್ಟರ್ ಒಳಗೆ ಕರೆದರು. ಗುರವ್ವನ ಕಾಲಿನ ಹುಣ್ಣು ಕೆಟ್ಟಿದೆ. ಶುಗರ್ ಬೇರೆ. ನಡೆಯಲು ಆಗದು, ದಿನಾ ಮನೆಗೇ ಹೋಗಿ ಡ್ರೆಸಿಂಗ್ ಮಾಡಬೇಕು. ಹೇಳುವಾಗ ನನ್ನ ಮುಖ ನೋಡಲಿಲ್ಲ.

"ನಿಮಗ ಆಗೂದಿಲ್ಲಂದ್ರ ಹೇಳ್ರಿ ಸಿಸ್ಟರ್. ಇನ್ನೊಬ್ಬಾಕಿ ಹೆರಿಗಿ ರಜಾದಾಗ ಅದಾಳ. ಬ್ಯಾರೆ ಏನರ ವ್ಯವಸ್ಥಾ ಮಾಡೂಣು."

ಬೇರೆ ವ್ಯವಸ್ಥೆ ಇಲ್ಲ. ಇಬ್ಬರಿಗೂ ಗೊತ್ತು.

ಗುರವ್ವ ಸಂಗನಬಸವನ ತಾಯಿ. ಹತ್ತಿ ತುಂಬಿದ ಟ್ರೇಲರ್‌ ಅನ್ನು ಕತ್ತಲಲ್ಲಿ, ಲೈಟಿಲ್ಲದೆ, ಕುಂದಗೋಳ ರಸ್ತೆಯ ಮೇಲೆ ನಿಲ್ಲಿಸಿ ಚಹಾ ಕುಡಿಯಲು ಹೋದವನು ಅವನೇ. ನನ್ನ ಗಂಡ ಸತ್ಯಾನಂದ ಬೈಕ್ ಮೇಲೆ ಮನೆಗೆ ಬರುತ್ತಿದ್ದರು. ಅದಕ್ಕೆ ಬಡಿದು ಅಲ್ಲೇ ತೀರಿಕೊಂಡರು. ಹೋದ ವರ್ಷ ಸಂಕ್ರಾಂತಿ ಮುಂದೆ. ಕೇಸು ಇನ್ನೂ ನಡೆದಿದೆ.

ನಾಳೆ ಹೇಳುತ್ತೇನೆ ಅಂದು ಬಂದೆ.

9 ಜನವರಿ

ನಸುಕಿನಲ್ಲಿ ಮೊಣಕಾಲೂರಿ ಕೇಳಿದೆ — ಇದೊಂದು ಬೇಡ, ಸ್ವಾಮಿ. ಬೇರೆ ಏನಾದರೂ ಹೇಳು. ಉತ್ತರವಿಲ್ಲ. ಈಚೆಗೆ ಯಾವುದಕ್ಕೂ ಇಲ್ಲ. ಆದರೆ ಏನು ಮಾಡಬೇಕೆಂಬುದರಲ್ಲಿ ಅನುಮಾನವೂ ಇಲ್ಲ. ವೈರಿಯನ್ನು ಪ್ರೀತಿಸು ಎಂದು ಹೇಳಿ ಆಗಿದೆ. ನನಗಾಗಿ ಹೊಸದಾಗಿ ಏನು ಹೇಳಿಯಾನು.

ಪ್ರೀತಿ ಬರುವುದಿಲ್ಲ. ಡ್ರೆಸಿಂಗ್ ಬರುತ್ತದೆ. ಅಷ್ಟು ಮಾಡುತ್ತೇನೆ ಅಂದೆ.

ಹೋದೆ. ನನ್ನನ್ನು ನೋಡಿದ್ದೇ ಮುದುಕಿ ಕಾಲು ಒಳಗೆ ಎಳೆದುಕೊಂಡಳು.

"ನೀವು ಮುಟ್ಟಬ್ಯಾಡ್ರಿ ಬಾಯಾರ. ಕೊಳೀಲಿ ಬಿಡ್ರಿ."

"ಕಾಲ ಚಾಚ್ರಿ."

ಹೆಬ್ಬೆರಳ ಕೆಳಗೆ ಆಳವಾದ ಕುಳಿ. ವಾಸನೆ. ತೊಳೆದು, ಕಟ್ಟಿ ಬಂದೆ. ಮನೆಯಲ್ಲಿ ಮತ್ತೆ ಮತ್ತೆ ಕೈ ತೊಳೆದೆ.

16 ಜನವರಿ

ಹುಬ್ಬಳ್ಳಿಯಿಂದ ಸತ್ಯಾನಂದರ ಅಕ್ಕನ ಫೋನ್. ಹೇಗಿದ್ದೀ ಎಂದೂ ಕೇಳಲಿಲ್ಲ.

"ಅವರ ಮನೀಗೆ ಹೋಗಿ ಕಾಲ ತೊಳ್ಯಾಕತ್ತೀಯಂತ, ಖರೇ ಏನು?"

"ನನ್ನ ಕೆಲಸ ಅಕ್ಕಾ ಅದು."

"ಬ್ಯಾರೆ ಯಾರ ಕಾಲಾದ್ರ ಕೆಲಸ. ಇದು ಕೆಲಸ ಅಲ್ಲ. ನನ್ನ ತಮ್ಮನ ಜೀವಕ್ಕ ಬೆಲೀನ ಇಲ್ಲದಂಗ ಮಾಡಿದಿ."

ಇಟ್ಟುಬಿಟ್ಟರು. ದೇವರು ಹೇಳಿದ್ದಾನೆ ಎನ್ನಬಹುದಿತ್ತು. ಅವರೂ ಅದೇ ದೇವರ ಮುಂದೆ ಅಳುವವರು…

21 ಜನವರಿ, ಭಾನುವಾರ

ಹುಬ್ಬಳ್ಳಿಗೆ ಹೋಗಿದ್ದೆ. ಚರ್ಚಿನಲ್ಲಿ ಅಕ್ಕ ಎದ್ದು ಬೇರೆ ಬೆಂಚಿಗೆ ಹೋದರು. ಅವರ ಹಿಂದೆ ಅವರ ಮಕ್ಕಳೂ. ಇಡೀ ಬೆಂಚಿನಲ್ಲಿ ನಾನೊಬ್ಬಳೇ. ವಿಧೇಯತೆಯಿಂದ ಸಮಾಧಾನ ಸಿಗುತ್ತದೆ ಎಂದು ಪಾದ್ರಿಗಳ ಪ್ರಸಂಗ. ನನಗೆ ಸಿಕ್ಕಿಲ್ಲ. ವಿಧೇಯತೆ ಬಿಡುವ ಧೈರ್ಯವೂ ಇಲ್ಲ.

ರೈಲಿನಲ್ಲಿ ವಾಪಸ್. ಗುಡಗೇರಿಯಲ್ಲಿ ಇಳಿದು ಸೀದಾ ಗುರವ್ವನ ಮನೆ, ಡ್ರೆಸಿಂಗ್. ಹುಣ್ಣಿಗೆ ಭಾನುವಾರ ಇಲ್ಲ.

2 ಫೆಬ್ರವರಿ

ಇವತ್ತು ಗುರವ್ವ ತಾನಾಗಿ ಮಾತಾಡಿದಳು.

"ನೀವು ಬರೂ ಹೊತ್ತಿಗೆ ಸಂಗನಬಸವ ಹಿತ್ತಲಕ್ಕ ಹೋಗತಾನ್ರಿ. ಬಾಯಾರ ಮುಖ ನೋಡಾಕ ಆಗವಲ್ದಬೇ ಅಂತಾನ."

"ನನಗೂ ಅವನ ಮುಖ ಬ್ಯಾಡ್ರಿ."

"ಖರೇ ಐತ್ರಿ," ಅಂದಳು. ಅಷ್ಟೇ. ಮಗನ ಪರ ಒಂದು ಮಾತಿಲ್ಲ. ಆಡಿದ್ದರೆ ಎದ್ದು ಬರುತ್ತಿದ್ದೆನೇನೋ.

ಕುಳಿ ತುಂಬುತ್ತಿದೆ. ಕೆಂಪು — ಒಳ್ಳೆಯ ಕೆಂಪು. ಖುಷಿಯಾಯಿತು. ಆಮೇಲೆ ಸತ್ಯಾನಂದರ ಫೋಟೋ ನೋಡಲು ಆಗಲಿಲ್ಲ.

1 ಮಾರ್ಚ್

ಗಾಯ ಒಣಗಿದೆ. ಕೊನೆಯ ಡ್ರೆಸಿಂಗ್. ಮೆತ್ತಗಿನ ಚಪ್ಪಲಿ ಹಾಕಿಕೊಳ್ಳಿ, ಬರಿಗಾಲಲ್ಲಿ ಓಡಾಡಬೇಡಿ ಎಂದು ಹೇಳಿದೆ.

"ನಾಳಿಂದ ಬರೂದಿಲ್ಲೇನ್ರಿ?"

"ಕೆಲಸ ಮುಗೀತಲ್ಲ."

ಹೌದು, ಹೇಳಿದ್ದು ಮಾಡಿದೆ. ಮುಗಿಯಿತು. ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಗೊತ್ತಾಯಿತು — ಇಡೀ ದಿನದಲ್ಲಿ ನನ್ನ ಜೊತೆ ಕೂತು ಮಾತಾಡುತ್ತಿದ್ದವಳು ಅವಳೊಬ್ಬಳೇ.

10 ಮಾರ್ಚ್, ಭಾನುವಾರ, ಮಧ್ಯಾಹ್ನ

ಹುಬ್ಬಳ್ಳಿಗೆ ಹೋಗಲಿಲ್ಲ. ಹೋದ ವಾರವೂ ಇಲ್ಲ. ಮನೆಯಲ್ಲೇ ಪ್ರಾರ್ಥನೆಗೆ ಕೂರುತ್ತಿದ್ದೆ. ಬಾಗಿಲು ಬಡಿದ ಸದ್ದು. ಗುರವ್ವ, ಕೋಲು ಹಿಡಿದು.

"ಒಬ್ರ ಪ್ರಾರ್ಥನಾ ಮಾಡತೀರಂತ. ಬಾಜೂಕ ಕೂಡಾಕ ಬಂದೆ. ನನಗೇನೂ ತಿಳಿಯೂದಿಲ್ಲ, ಸುಮ್ಮ ಕೂಡತೀನಿ."

"ಇಷ್ಟ ದೂರ ನಡಕೋಂತ ಬಂದ್ರಿ?"

"ಇಲ್ರಿ. ಅಂವ ಕರಕೊಂಡ ಬಂದಾನ. ಹೊರಗ ನಿಂತಾನ."

ಬೇರೇನೂ ಕೇಳಲಿಲ್ಲ ಅವಳು. ಒಳಗೆ ಬಂದು ಚಾಪೆಯ ತುದಿಗೆ ಕೂತಳು. ಬಾಗಿಲಿಗೆ ಹೋದೆ. ಬಿಸಿಲಲ್ಲಿ ಸಂಗನಬಸವ ತಲೆ ತಗ್ಗಿಸಿ ನಿಂತಿದ್ದ. ಕೋರ್ಟಿನಲ್ಲಿ ದೂರದಿಂದ ನೋಡಿದ್ದಷ್ಟೇ. ಇಷ್ಟು ಬಡಕಲು ಎಂದು ಗೊತ್ತಿರಲಿಲ್ಲ.

"ಬಿಸಿಲಾಗ ಯಾಕ ನಿಂತಿ. ಒಳಗ ಬಾ."

"ಬ್ಯಾಡ್ರಿ ಬಾಯಾರ."

"ಬಾ."

ಬಂದ. ಕೂರಲಿಲ್ಲ. ಗೋಡೆಗೆ ಅಂಟಿಕೊಂಡು ನಿಂತ.

ಶುರು ಮಾಡಿದೆ. ಸಣ್ಣವಳಿದ್ದಾಗಿನಿಂದ ಬಾಯಿಪಾಠವಾದ ಪ್ರಾರ್ಥನೆ. ದಿನದ ಅನ್ನ ಕೇಳುವವರೆಗೂ ಸರಾಗ. ಮುಂದೆ ಬರುವುದು — ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ ಹಾಗೆ ನಮ್ಮನ್ನೂ ಕ್ಷಮಿಸು. ಒಂದು ವರ್ಷದಿಂದ ಆ ಮಾತನ್ನು ಗಡಬಡಿಸಿ ದಾಟಿಸುತ್ತಿದ್ದೆ. ಇವತ್ತು ಕೇಳುವವರಿದ್ದರು. ತಾಯಿ ಕಣ್ಣು ಮುಚ್ಚಿ ಕಾಯುತ್ತಿದ್ದಳು. ಅವನೂ ಕಾಯುತ್ತಿದ್ದ.

ಹೇಳಿದೆ. ಒಂದೊಂದೇ ಶಬ್ದ, ಗಟ್ಟಿಯಾಗಿ. ಆ ಸಾಲಿನ ಕೊನೆಯವರೆಗೂ.

ಗೋಡೆಯ ಕಡೆಯಿಂದ ಬಿಕ್ಕಿದ ಸದ್ದು. ತಿರುಗಿ ನೋಡಲಿಲ್ಲ. ಪ್ರಾರ್ಥನೆಯ ಉಳಿದ ಮಾತು ನೆನಪಾಗಲಿಲ್ಲ. ಎದ್ದು ಹೋಗಿ ಇಬ್ಬರಿಗೂ ನೀರು ತಂದು ಕೊಟ್ಟೆ.